ಕೋಡಂಬಾಕ್ಕಂನಲ್ಲೊಬ್ಬ ನಟನೆ ಬಾರದವ

ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೂ ತಯಾರಾಗುತ್ತಿದ್ದ ಕೋಡಂಬಾಕ್ಕಂನಲ್ಲೇ ಬಾಡಿಗೆಗಿದ್ದೇನೆ; ನಟನೆ ಮಾತ್ರ ಹತ್ತಲಿಲ್ಲ. ಇದು ಬಯಲಾದದ್ದು ಮಹಡಿಮನೆಯ ಹುಡುಗರು ಪೋಕರ್ ಕಲಿಸಲು ಕೂರಿಸಿಕೊಂಡಾಗ. ಕೈಯಲ್ಲಿ 2 ಎಲೆ, ಚಾಪೆಯ ಮೇಲೆ ಎಲ್ಲರಿಗೂ ಸೇರಿದ 5. ಈ 7ರಲ್ಲಿ ಚೆಂದದ 5 ಹೊಂದಿಸಬೇಕು. ಪಣಕ್ಕೆ ಹುರಿದ ಕಡಲೆಬೀಜ.

ಮೊದಲ ಕೈಯಲ್ಲೇ ರಾಣಿಯರ ಜೋಡಿ! “ಎಲೆ ಚೆನ್ನಾಗಿದ್ಯಾ ಅಂಕಲ್?”

“ಏನಿಲ್ಲಪ್ಪ” ಎಂದೆ. ಹುಬ್ಬು ಆಗಲೇ ಬೋಳುತಲೆಯ ಗಡಿ ದಾಟಿತ್ತು. ಎಲ್ಲರೂ ಎಲೆ ಕೆಳಗಿಟ್ಟು ಕೈತೊಳೆದುಕೊಂಡರು.

ಮುಂದಿನ ಆಟದಲ್ಲಿ ದರಿದ್ರ ಎಲೆ ಹಿಡಿದು ನಗುತ್ತಾ ಕೂತೆ. ಹಲ್ಲುನೋವಾ ಎಂದು ಕೇಳಿದರು! ಆಮೇಲೆ ಹಳೆಯ ರಮ್ಮಿ ಚಟ ಕೆರಳಿ, ಮೂರು ಎಲೆ ಸಾಲಾಗಿ ಕಂಡದ್ದೇ “ಶೋ” ಎಂದು ಕಿರುಚಿದೆ.

ಕೊನೆಗೆ ಲೆಕ್ಕ ಹಾಕಿದರೆ ನಾನು ಸೋತದ್ದು ಕಡಿಮೆಯೇ. ಪಣದ ಮುಕ್ಕಾಲು ಪಾಲನ್ನು ಯೋಚಿಸುತ್ತಾ ನಾನೇ ಮೆದ್ದಿದ್ದೆ.