ರಾಬರ್ಟನ ಮಗನ ಪೇಟೆ

ಫಾರಂ ತುಂಬುವಾಗ ‘ಸರ್‌ನೇಮ್’ ಅನ್ನುವ ಖಾನೆ ಕಂಡರೆ ನನಗೆ ಕೈ ಓಡುವುದಿಲ್ಲ. ನಮ್ಮ ಮನೆತನಕ್ಕೆ ಇರುವುದು ಇನಿಷಿಯಲ್ಲು ಮಾತ್ರ. ಕಂಪ್ಯೂಟರಿಗೆ ಅಷ್ಟು ಸಾಲದು ಎಂದು ಅಪ್ಪನ ಪೂರ್ತಿ ಹೆಸರು ಬರೆದೆ. ಅಂದಿನಿಂದ ಸಾಲ ಬೇಕೇ ಎಂದು ಫೋನು ಮಾಡುವವರೆಲ್ಲ ಅಪ್ಪನನ್ನೇ ಕೇಳುತ್ತಾರೆ. ಪಾಪ, ಅವರು ಬದುಕಿದ್ದಾಗ ಯಾರೂ ಹೀಗೆ ಮೇಲೆಬಿದ್ದು ಕೇಳಲಿಲ್ಲ.

ಕೋಲಾರದ ಚಿನ್ನದ ಗಣಿಯ ಊರಾದ ನಮ್ಮ ರಾಬರ್ಟ್‌ಸನ್‌ಪೇಟೆಯ ಹೆಸರೂ ಇದೇ ಜಾತಿಯದು. ರಾಬರ್ಟ್‌ಸನ್ ಎಂದರೆ ರಾಬರ್ಟನ ಮಗ, ಅಷ್ಟೇ. ಸ್ಕಾಟ್ಲೆಂಡಿನಲ್ಲಿ ಡಂಕನ್ನನ ಮಕ್ಕಳು ಎನಿಸಿಕೊಂಡ ಕುಲವೊಂದಿತ್ತು. 1437ರಲ್ಲಿ ದೊರೆ ಒಂದನೇ ಜೇಮ್ಸನ ಕೊಲೆಯಾದಾಗ ಹಂತಕರನ್ನು ಹಿಡಿದುಕೊಟ್ಟವನು ಆ ಕುಲದ ನಾಯಕ ರಾಬರ್ಟ್. ಆಮೇಲಿನವರು ಡಂಕನ್ನನನ್ನು ಬಿಟ್ಟು ರಾಬರ್ಟನ ಮಕ್ಕಳಾದರು. ಮುಂದೆ ಅಪ್ಪನ ಹೆಸರು ಏನೇ ಇರಲಿ, ಅಜ್ಜನ ಕೋಟಿನಂತೆ ಅದೇ ಹೆಸರು ತಲೆಮಾರುಗಳ ಮೇಲೆ ಜೋತಾಡಿತು.

ನಮ್ಮ ಪೇಟೆಗೆ ಹೆಸರು ಕೊಟ್ಟವರು ಮೈಸೂರಿನ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್. 1902ರಲ್ಲಿ ಶಿವನಸಮುದ್ರದ ಕರೆಂಟು ಚಿನ್ನದ ಗಣಿಗೆ ಬಂದಾಗ ಅವರದೇ ಕಾಲ. ಗಣಿಯ ಸೈರನ್ನಿಗೆ ಏಳುತ್ತಿದ್ದ ತಮಿಳು, ತೆಲುಗು, ಕನ್ನಡದ ನಾಲಿಗೆಗಳು ನಡುವಿನ ‘ಟ್’ ಅನ್ನು ನುಂಗಿ ‘ರಾಬರ್‌ಸನ್‌ಪೇಟೆ’ ಮಾಡಿಕೊಂಡವು. ದೊರೆಗಳ ಹೆಸರನ್ನು ಹೀಗೆ ಮೆದ್ದು ಮೆತ್ತಗೆ ಮಾಡುವುದೂ ಒಂದು ಸ್ವಾತಂತ್ರ್ಯವೇ ತಾನೆ?

ಪಕ್ಕದ ಬಂಗಾರಪೇಟೆಯದು ಇನ್ನೂ ಸ್ವಾರಸ್ಯ. ಬಣ್ಣವಿಲ್ಲದ ಪಾನಿಯ ಪಾನಿಪೂರಿ ಬಾಯಿಗಿಟ್ಟುಕೊಳ್ಳುವಾಗ ಯಾರಿಗೂ ಹೊಳೆಯುವುದಿಲ್ಲ, ಇದು ಹಿಂದೆ ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗರ ಹೆಸರು. ನಡುವಿನ ‘ಬೆಂಥಮ್’ ನೋಡಿ: ಅಪ್ಪ ಜಾನ್ ಬೌರಿಂಗರು ತತ್ತ್ವಜ್ಞಾನಿ ಜೆರೆಮಿ ಬೆಂಥಮ್ಮರ ಆಪ್ತ ಶಿಷ್ಯರು. ಗುರುವಿನ ಹೆಸರನ್ನು ಮಗನಿಗೆ ಇಟ್ಟರು. ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ಎಂದ ಆ ಮಹಾನುಭಾವರ ತತ್ತ್ವ, ನನ್ನ ಕೇಳಿದರೆ, ಸಂಜೆ ಆರರ ಹೊತ್ತಿಗೆ ಬಂಗಾರಪೇಟೆಯ ಚಾಟ್ ಗಾಡಿಗಳ ಮುಂದೆ ಚೆನ್ನಾಗಿಯೇ ನಡೆಯುತ್ತಿದೆ.

ಬೌರಿಂಗರು ಹೋಗಿ ಬಂಗಾರ ಬಂತು. 2001ರಲ್ಲಿ ಗಣಿ ಮುಚ್ಚಿ ಬಂಗಾರವೂ ಹೋಯಿತು. ರಾಬರ್ಟ್‌ಸನ್ನರ ಹೆಸರನ್ನು ಮಾತ್ರ ಯಾರೂ ಅಲುಗಾಡಿಸಿಲ್ಲ. ಬೌರಿಂಗರೂ ಪೂರಾ ಹೋಗಿಲ್ಲ ಅನ್ನಿ. ಮಾರಿಕುಪ್ಪಂ ರೈಲು ಹತ್ತುವಾಗ ಗಮನಿಸಿ: ಬಂಗಾರಪೇಟೆ ನಿಲ್ದಾಣಕ್ಕೆ ರೈಲ್ವೆಯ ಸಂಕೇತಾಕ್ಷರ ಇವತ್ತಿಗೂ ಬಿ-ಡಬ್ಲ್ಯು-ಟಿ.