ಕೃಷ್ಣಬಿಂದು ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ಮೊದಲು ಅನುಬಂಧಚತುಷ್ಟಯವನ್ನು, ಎಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸಬೇಕೆಂಬುದು ನಮ್ಮ ಪೂರ್ವಿಕರು ಹಾಕಿಕೊಟ್ಟ ಮೇಲ್ಪಂಕ್ತಿ. ಪ್ರಕೃತ ಗ್ರಂಥಕ್ಕೆ ವಿಷಯವು ಬೆಂಗಳೂರಿನ ಬೀದಿಯ ಮೂಲೆಯಲ್ಲಿ ಬಿದ್ದಿರುವ ಕಸ. ಪ್ರಯೋಜನವು ಯಾರಿಗೂ ಇಲ್ಲ. ಸಂಬಂಧವನ್ನು ವಿಚಾರಿಸಿದರೆ, ಯಾರನ್ನು ಕೇಳಿದರೂ ತಮಗೂ ಅದಕ್ಕೂ ಸಂಬಂಧವಿಲ್ಲವೆಂದೇ ಹೇಳುತ್ತಾರೆ. ಉಳಿದವನು ಅಧಿಕಾರಿ. ವಿವೇಕವೈರಾಗ್ಯಗಳನ್ನೂ ಶಮದಮಾದಿಗಳನ್ನೂ ಸಂಪಾದಿಸಿಕೊಂಡು ಶಾಸ್ತ್ರಶ್ರವಣಕ್ಕೆ ಅರ್ಹನಾದವನೆಂದು ವೇದಾಂತದಲ್ಲಿ ಈ ಪದಕ್ಕೆ ಅರ್ಥ. ನಗರಾಡಳಿತದಲ್ಲಿ ಬೇರೊಂದು ಅರ್ಥವಿದೆ. ಆದರೆ ಎರಡಕ್ಕೂ ಸಮಾನವಾದ ಲಕ್ಷಣವೊಂದುಂಟು: ಅಧಿಕಾರಿಯು ದೊರೆಯುವುದೇ ದುರ್ಲಭ, ಬಹುಕಾಲ ಕಾದ ಮೇಲೆ ದೊರೆತರೂ ಆತನು ವೈರಾಗ್ಯದಲ್ಲಿಯೇ ಇರುತ್ತಾನೆ.

ಇನ್ನು ಲಕ್ಷಣ. ಕಚೇರಿಯ ಕಾಗದಪತ್ರಗಳಲ್ಲಿಯೂ ಜನರ ಬಾಯಲ್ಲಿಯೂ 'ಬ್ಲಾಕ್ ಸ್ಪಾಟ್' ಎಂದು ರೂಢವಾಗಿರುವ ತಾಣವನ್ನೇ ಶಾಸ್ತ್ರದ ಗಾಂಭೀರ್ಯಕ್ಕೆ ಒಪ್ಪುವಂತೆ ಇಲ್ಲಿ ಕೃಷ್ಣಬಿಂದುವೆಂದು ಕರೆದಿದೆ. ಕೃಷ್ಣಭಕ್ತರು ಮನ್ನಿಸಬೇಕು, ಇಲ್ಲಿ ವಿವಕ್ಷಿತವಾದದ್ದು ಬಣ್ಣವೊಂದೇ. 'ಕಸ ಹಾಕಬಾರದ ಕಡೆ ಕಸ ಬೀಳುವ ತಾಣ' ಎಂದು ಲಕ್ಷಣ ಹೇಳಿದರೆ ಅದು ರಾಜಕಾಲುವೆ, ಕೆರೆಯಂಗಳ, ಖಾಲಿ ನಿವೇಶನ, ಮೇಲ್ಸೇತುವೆಯ ಅಡಿ ಮೊದಲಾದ ಸಮಸ್ತ ಪಟ್ಟಣಕ್ಕೂ ಹರಡಿ ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. 'ನಿತ್ಯವೂ ಕಸವಿರುವ ತಾಣ' ಎಂದರೆ, ಮಂತ್ರಿಗಳು ಆ ದಾರಿಯಲ್ಲಿ ಬರುವ ದಿನ ಅಲ್ಲಿ ಕಸವಿರದ ಕಾರಣ ಅವ್ಯಾಪ್ತಿ. ಆದುದರಿಂದ ನಿರ್ದುಷ್ಟವಾದ ಲಕ್ಷಣವು ಇದು: ಎಲ್ಲಿ 'ಇಲ್ಲಿ ಕಸ ಹಾಕಬಾರದು, ಹಾಕಿದವರಿಗೆ ದಂಡ ವಿಧಿಸಲಾಗುವುದು' ಎಂಬ ಫಲಕವಿದೆಯೋ ಅದೇ ಕೃಷ್ಣಬಿಂದು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಹಾಲಿನ ಬೂತು ಎಲ್ಲಿ, ಹಿಟ್ಟಿನ ಗಿರಣಿ ಎಲ್ಲಿ ಎಂದು ನೆರೆಯವರನ್ನು ಕೇಳುವುದುಂಟು. ಕಸ ಎಲ್ಲಿ ಹಾಕುವುದೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಫಲಕವೇ ಅವರನ್ನು ಕೈಹಿಡಿದು ಕರೆದೊಯ್ಯುತ್ತದೆ.

ಕೃಷ್ಣಬಿಂದುವೆಂದರೆ ಹಳ್ಳಿಯ ತಿಪ್ಪೆಯೇ ಅಲ್ಲವೆ ಎಂಬ ಪೂರ್ವಪಕ್ಷವೊಂದುಂಟು. ಅದು ಗ್ರಾಹ್ಯವಲ್ಲ. ತಿಪ್ಪೆಗೆ ಒಡೆಯನಿದ್ದಾನೆ, ಇಂಥವರ ತಿಪ್ಪೆಯೆಂದು ಊರಿಗೆಲ್ಲ ಗೊತ್ತು, ಒಬ್ಬರ ತಿಪ್ಪೆಯಿಂದ ಮತ್ತೊಬ್ಬರು ಒಂದು ಮಂಕರಿ ಗೊಬ್ಬರ ತೆಗೆದರೆ ಜಗಳವು ಪಂಚಾಯಿತಿಯ ಕಟ್ಟೆಯವರೆಗೆ ಹೋದೀತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಕಡ್ಡಿ ಎಲ್ಲವೂ ಅಲ್ಲಿ ಬಿದ್ದು ಕೊಳೆತು, ಮುಂಗಾರಿಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗಿ, ಸುಗ್ಗಿಯಲ್ಲಿ ರಾಗಿಯಾಗಿ ಅದೇ ಮನೆಗೆ ಮರಳುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸಿಗೆ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಟ್ಟರೆ ಮೃತ್ಯುವು ಮುಟ್ಟದೆಂದು ನಮ್ಮ ಹಿರಿಯರು ನಂಬಿದ್ದರು. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗೆ ಇಂದಿಗೂ ವರ್ಷವರ್ಷವೂ ತೇರು ಎಳೆಯುತ್ತಾರೆ. ಕೃಷ್ಣಬಿಂದುವಿನ ಹೆಸರನ್ನು ಮಗುವಿಗೆ ಇಟ್ಟವರಿಲ್ಲ. ಅದಕ್ಕೆ ಒಡೆಯನಿಲ್ಲದಿರುವುದು ಹಾಗಿರಲಿ, ಹಾಕಿದವನೇ ಇಲ್ಲ. ಬೀದಿಯ ನಲವತ್ತು ಮನೆಗಳಲ್ಲಿ ಯಾರನ್ನು ಕೇಳಿದರೂ, ಈ ಗ್ರಂಥಕರ್ತನೂ ಸೇರಿದಂತೆ, 'ನಾವಲ್ಲ, ಆ ಕಡೆಯ ಕ್ರಾಸಿನವರು' ಎನ್ನುತ್ತಾರೆ. ಕಾರ್ಯವಿದ್ದಲ್ಲಿ ಕರ್ತೃವಿರಲೇಬೇಕು, ಜಗತ್ತು ಕಾರ್ಯವಾದುದರಿಂದ ಈಶ್ವರನಿದ್ದಾನೆ ಎಂದು ಸಾಧಿಸಿದ ನೈಯಾಯಿಕರು ಈ ರಾಶಿಯನ್ನು ಕಂಡಿದ್ದರೆ ತಮ್ಮ ಈಶ್ವರಾನುಮಾನವನ್ನು ಒಮ್ಮೆ ಮರುಪರಿಶೀಲಿಸುತ್ತಿದ್ದರೆಂದು ತೋರುತ್ತದೆ.

ನಮ್ಮ ಬೀದಿಯ ಬಿಂದುವು ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ, ಯಾವಾಗಲೂ ಬೀಗ ಹಾಕಿರುವ ಒಂದು ನಿವೇಶನದ ಗೋಡೆಗೆ ಒರಗಿಕೊಂಡಿದೆ. ಎಳನೀರಿನ ಬುರುಡೆ, ಹತ್ತಿ ಹೊರಚೆಲ್ಲಿದ ದಿಂಬು, ಛತ್ರದ ಊಟದೆಲೆ, ಆಯುಧಪೂಜೆಯ ಮರುದಿನದ ಬಾಳೆಕಂದು ಮತ್ತು ಕುಂಕುಮ ಬಳಿದ ಬೂದುಗುಂಬಳ, ಒಮ್ಮೆ ಬಿರುಕುಬಿಟ್ಟ ಒಂದು ಕಮೋಡು ಕೂಡ, ಹೀಗೆ ಋತುಮಾನಕ್ಕೆ ತಕ್ಕಂತೆ ಅದರ ಸಾಮಗ್ರಿ ಬದಲಾಗುತ್ತದೆ. ಒಡೆದ ಮನೆಯ ಇಟ್ಟಿಗೆ ಗಾರೆ ಮಾತ್ರ ರಾತ್ರಿ ಹನ್ನೆರಡರ ಮೇಲೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಸಾಮಾನ್ಯವಾದ ಕ್ಷೇಪಣವಿಧಿಯು ನಡೆಯುವುದು ಬ್ರಾಹ್ಮೀಮುಹೂರ್ತದಲ್ಲಿ. ಮಹಡಿಯ ಮೇಲೆ ಕಾಫಿಯ ಲೋಟ ಹಿಡಿದು ಕುಳಿತು ನಾನು ಅನೇಕ ಸಲ ಕಂಡದ್ದನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ. ಸ್ಕೂಟರಿನಲ್ಲಿ ಬರುವ ಗೃಹಸ್ಥನು ಹತ್ತು ಮಾರು ಮುಂಚೆಯೇ ವೇಗವನ್ನು ತಗ್ಗಿಸುತ್ತಾನೆ; ನಿಲ್ಲಿಸುವುದಿಲ್ಲ. ಎರಡು ಪಾದಗಳ ನಡುವೆ ಇಟ್ಟಿದ್ದ ಗಂಟುಕಟ್ಟಿದ ಕವರನ್ನು ಎಡಗೈಯಿಂದ ಎತ್ತಿಕೊಳ್ಳುತ್ತಾನೆ. ಕಣ್ಣು ರಾಶಿಯ ಕಡೆಗಿಲ್ಲ; ಎದುರುಮನೆಯ ಕಾಗದದ ಹೂವಿನ ಬಳ್ಳಿಯ ಸೊಬಗನ್ನು ಅವನು ಆ ಕ್ಷಣದಲ್ಲಿ ಆಸ್ವಾದಿಸುತ್ತಿರುತ್ತಾನೆ. ಕೈ ತಾನಾಗಿ ಒಮ್ಮೆ ತೂಗಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕವರು ಬಿದ್ದ ಸದ್ದಾಗುವ ಹೊತ್ತಿಗೆ ಆತನು ತಿರುವಿನಲ್ಲಿ ಮರೆಯಾಗಿರುತ್ತಾನೆ. ಫಲವು ಎಲ್ಲಿ ಬಿತ್ತೆಂದು ಹಿಂದಿರುಗಿ ನೋಡದ ಈ ನಿಷ್ಕಾಮಕರ್ಮವನ್ನು ಕಂಡಾಗಲೆಲ್ಲ, ನಮ್ಮ ಜನಕ್ಕೆ ಗೀತೆಯು ತಲೆಗೆ ಹತ್ತದಿದ್ದರೂ ಎಡಗೈಗಾದರೂ ಹತ್ತಿದೆಯಲ್ಲ ಎಂದು ಸಮಾಧಾನವಾಗುತ್ತದೆ.

ಕವರಿನ ತತ್ತ್ವವನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯದಾದ್ಯಂತ ನಿಷೇಧಿಸಿತು. ನಿಷೇಧಕ್ಕೆ ಒಳಗಾದ ವಸ್ತುವು ಇಲ್ಲವಾಗುತ್ತದೆಂದು ತಿಳಿಯುವುದು ಲೋಕಾನುಭವವಿಲ್ಲದವರ ಮತ. ಆತ್ಮಕ್ಕೆ ಹೇಳಿದ ಲಕ್ಷಣಗಳಲ್ಲಿ ಬಹುಪಾಲು ಕವರಿಗೂ ಸಲ್ಲುತ್ತವೆ. ಬೆಂಕಿಯ ವಿಷಯದಲ್ಲಿ ಮಾತ್ರ ಭೇದ. ಆತ್ಮವು ಸುಡುವುದಿಲ್ಲ, ಕವರು ಸುಟ್ಟು ನಾರುತ್ತದೆ.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಕಸವು ಹುಟ್ಟುತ್ತದೆ, ಎಂದಿಗೂ ಸಾಯದು, ಮತ್ತೊಬ್ಬರ ಮನೆಯ ಮುಂದಕ್ಕೆ ಹೋಗುತ್ತದೆ. ಇದನ್ನು ಸ್ಥಾನಪಲ್ಲಟಸಿದ್ಧಾಂತವೆನ್ನಬಹುದು, ಮತ್ತು ಬೆಂಗಳೂರಿನ ಇತಿಹಾಸವೆಲ್ಲ ಇದಕ್ಕೆ ಉದಾಹರಣೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಹೆಣಗಳು ಉರುಳಿದ ಮೇಲೆ, ಗಾಳಿ ಬೆಳಕು ಬರುವ ಬಸವನಗುಡಿ ಮಲ್ಲೇಶ್ವರಗಳ ಕಡೆಗೆ ಜನ ಸರಿದರು. ಅಂದು ಕೊಳೆಯಿದ್ದಲ್ಲಿಂದ ಜನರನ್ನು ಸಾಗಿಸಿದರು. ಇಂದು ಜನರಿದ್ದಲ್ಲಿಂದ ಕೊಳೆಯನ್ನು ಸಾಗಿಸುತ್ತಾರೆ, ಅದೂ ಬೇರೆ ಜನರಿದ್ದಲ್ಲಿಗೆ. ನಗರದ ಕಸ ಹೋಗಿ ಬೀಳುತ್ತಿದ್ದ ಮಾವಳ್ಳಿಪುರದವರು ತಮ್ಮ ನೀರು ಕೆಟ್ಟಿತೆಂದು ತಡೆದಾಗ, 2012ರಲ್ಲಿ ಆ ದಾರಿ ಮುಚ್ಚಿತು, ನಗರದ ಬೀದಿಬೀದಿಯಲ್ಲಿ ರಾಶಿಗಳೆದ್ದವು. ಆಗ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. 2014ರ ಜೂನಿನಲ್ಲಿ ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತರು, ಆ ವರ್ಷದ ಕೊನೆಗೆ ಅದೂ ನಿಂತಿತು. ಅನಂತರ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಯ ಹೊಂಡಗಳು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಪ್ರಥಮಪಾಠ. ಈ ಹಳ್ಳಿಗಳ ಶಾಲೆಯ ಮಕ್ಕಳಿಗೆ ಆ ಪಾಠವನ್ನು ಬೇರೆಯಾಗಿ ಹೇಳಬೇಕಾಗುತ್ತದೆ, ಏಕೆಂದರೆ ಅವರು ಬೆಟ್ಟವನ್ನೇ ಕಂಡು ಅದರ ಹಿಂದೆ ಒಂದು ನಗರವಿದೆಯೆಂದು ಊಹಿಸಬಲ್ಲರು. ದಿನವೊಂದಕ್ಕೆ 4,000 ಟನ್ನಿಗೂ ಮೀರಿ ಕಸ ಹಡೆಯುವ ಊರು ತನ್ನ ಕೂಸನ್ನು ಹೀಗೆ ಊರೂರು ಸಾಕಲು ಕೊಡುವುದನ್ನು ವಿನೋದದಲ್ಲಿ ಬರೆಯಲು ಹೊರಟವನಿಗೂ ಈ ಜಾಗದಲ್ಲಿ ಲೇಖನಿ ಸ್ವಲ್ಪ ತಡೆಯುತ್ತದೆ.

ಪರಿಹಾರಕಾಂಡವು ದೊಡ್ಡದು. ಫಲಕದ ಪ್ರಭಾವವನ್ನು ಮೇಲೆಯೇ ಹೇಳಿದೆ. ಅನಂತರ ಬಂದದ್ದು ರಂಗವಲ್ಲಿ: ರಾಶಿಯನ್ನೆತ್ತಿ, ನೆಲ ತೊಳೆದು, ಪೌರಕಾರ್ಮಿಕ ಮಹಿಳೆಯರೇ ಅಲ್ಲಿ ರಂಗೋಲಿ ಬಿಡತಕ್ಕದ್ದು, ರಂಗೋಲಿಯ ಮೇಲೆ ಕಸ ಹಾಕಲು ಯಾರಿಗೆ ಮನಸ್ಸು ಬಂದೀತು ಎಂಬುದು ಇದರ ಹಿಂದಿನ ಮನಃಶಾಸ್ತ್ರ. ನಮ್ಮ ಬೀದಿಯಲ್ಲಿ ಎಂಟು ಎಳೆಯ ಒಂದು ಸೊಗಸಾದ ರಂಗೋಲಿ ಮೂರು ದಿನ ಉಳಿಯಿತು. ನಾಲ್ಕನೆಯ ದಿನ ಯಾರೋ ಭಕ್ತಿಯಿಂದ ಅದನ್ನು ತುಳಿಯದೆ, ಅದರ ಅಂಚಿಗೆ ಸರಿಯಾಗಿ ಕವರುಗಳನ್ನು ಜೋಡಿಸಿ ಹೋಗಿದ್ದರು. ಗೋಡೆಗೆ ದೇವರ ಚಿತ್ರದ ಹೆಂಚು ಅಂಟಿಸಿದ ಮೇಲೆ ಗೋಡೆಯ ಬುಡ ಒಣಗಿತು, ರಾಶಿ ಒಣಗಲಿಲ್ಲ. ಮಾತ್ರವಲ್ಲ, ಮನೆಯಲ್ಲಿ ಮುಕ್ಕಾದ ದೇವರ ಪಟಗಳೂ ಅಲ್ಲಿಗೇ ಬಂದು ಸೇರತೊಡಗಿದವು. ಹೂಕುಂಡ ಇಟ್ಟರು, ಕುಂಡಗಳು ಹೋದವು. ಕ್ಯಾಮರಾ ಇಟ್ಟರು, ಅದು ಈಗ ಟ್ರಾನ್ಸ್‌ಫಾರ್ಮರಿನ ಮೇಲಿನ ಪಾರಿವಾಳಗಳನ್ನು ನೋಡುತ್ತಿದೆ.

ಆದರೆ ಈ ಕಾಂಡದ ಮುಕುಟಮಣಿಯು 2025ರ ಅಕ್ಟೋಬರಿನ ಕೊನೆಯಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ಕಸ ಎಸೆದವರನ್ನು ಪತ್ತೆ ಹಚ್ಚಿ, ಗಾಡಿಯಲ್ಲಿ ಕಸವನ್ನು ತಂದು ಅವರ ಮನೆಯ ಬಾಗಿಲಿಗೇ ಸುರಿದು, ಮೇಲೆ ದಂಡವನ್ನೂ ವಸೂಲು ಮಾಡುವ ಈ ಕಾರ್ಯಕ್ರಮಕ್ಕೆ 'ಕಸ ಸುರಿಯುವ ಹಬ್ಬ' ಎಂದು ನಾಮಕರಣವಾಯಿತು. ಅಪವಾದಕ್ಕೆ ಮತ್ತೊಂದು ಅಪವಾದ ಬಂದು ಮೂಲವಿಧಿಯೇ ಮರಳಿ ನಿಲ್ಲುವುದನ್ನು ವೈಯಾಕರಣರು ಪ್ರತಿಪ್ರಸವವೆನ್ನುತ್ತಾರೆ. ಕಸದ ಪ್ರತಿಪ್ರಸವಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಪಾಣಿನೀಯದಲ್ಲಿಯೂ ದೊರೆಯದು. ಕಸ ತೆಗೆಯಬೇಕಾದವರು ಕಸ ಸುರಿಯುವುದೂ, ಅದನ್ನು ಹಬ್ಬವೆನ್ನುವುದೂ, ಸುರಿದದ್ದನ್ನು ಮತ್ತೆ ತಾವೇ ಎತ್ತಿಕೊಂಡು ಹೋಗುವುದೂ ನಮ್ಮ ಊರಿಗೆ ಒಪ್ಪುವ ಲೀಲೆ. ನಾನಂತೂ ಅಂದು ಹಬ್ಬದ ಅಡಿಗೆ ಮಾಡಿಸಲಿಲ್ಲ. ಕಾರಣವು ಮುಂದೆ ತಿಳಿಯುತ್ತದೆ.

ಪಾಲಿಕೆಯ ಅವತಾರಗಳನ್ನು ಕುರಿತು ಎರಡು ಮಾತು. 1949ರಲ್ಲಿ ನಗರವೂ ದಂಡೂ ಕೂಡಿ ಒಂದು ಪಾಲಿಕೆಯಾಯಿತು. 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ ಹಳ್ಳಿಗಳನ್ನೂ ನುಂಗಿ ಬೃಹತ್ತಾಯಿತು. 2025ರ ಸೆಪ್ಟೆಂಬರಿನಲ್ಲಿ ಐದಾಗಿ ಒಡೆಯಿತು. ಒಂದೇ ಬ್ರಹ್ಮವು ಬಹುವಾಗಲು ಸಂಕಲ್ಪಿಸಿದಂತೆ ಇದು. ಕಸವು ಮಾತ್ರ ಈ ಎಲ್ಲ ಸೃಷ್ಟಿಸ್ಥಿತಿಲಯಗಳಲ್ಲಿಯೂ ಕೂಟಸ್ಥವಾಗಿ ಉಳಿದಿದೆ. ಇನ್ನು ದೂರು ಕೊಟ್ಟವರಿಗೆ ಬರುವ ಉತ್ತರದ ಶೈಲಿಗೆ ಕನ್ನಡದಲ್ಲಿ ಅನಾದಿಯಿಂದಲೂ ಒಂದು ಪಾರಿಭಾಷಿಕ ಪದವಿದೆ, ತಿಪ್ಪೆ ಸಾರಿಸುವುದು. ಕೃಷ್ಣಬಿಂದುವು ತಿಪ್ಪೆಯಲ್ಲವೆಂದು ಮೇಲೆ ಸಾಧಿಸಿದ್ದರೂ ಈ ಒಂದು ಅಂಶದಲ್ಲಿ ಸಾದೃಶ್ಯವನ್ನು ಒಪ್ಪಬೇಕಾಗಿದೆ. ಒಂದು ಕಚೇರಿಗೆ ನಾನು ಬರೆದ ದೂರಿಗೆ, ರಾಶಿಯು ಹಾಗೆಯೇ ಇದ್ದಾಗ, 'ಸಮಸ್ಯೆ ಬಗೆಹರಿದಿದೆ' ಎಂದು ಮೊಬೈಲಿಗೆ ಸಂದೇಶ ಬಂತು. ಜಗತ್ತು ಮಿಥ್ಯೆಯೆಂಬುದನ್ನು ಇಷ್ಟು ಚಿಕ್ಕದಾಗಿ ಯಾವ ಆಚಾರ್ಯರೂ ಹೇಳಿಲ್ಲ.

ವಿಧಿನಿಷೇಧಗಳಲ್ಲಿ ಕೊರತೆಯಿಲ್ಲ. 2000ದಲ್ಲಿ ಒಂದು ಕೇಂದ್ರ ನಿಯಮಾವಳಿ, 2016ರಲ್ಲಿ ಮತ್ತೊಂದು. ಇವೆರಡರ ನಡುವೆ 2015ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಮನೆಮನೆಗೆ ಎರಡು ಡಬ್ಬ, ಒಂದು ಚೀಲವೆಂದು ವಿಧಿಸಿತು. ಹಸಿಕಸಕ್ಕೆ ಹಸಿರು ಡಬ್ಬ, ನ್ಯಾಪ್ಕಿನ್ನು ಡಯಾಪರು ಮುಂತಾದವಕ್ಕೆ ಕೆಂಪು ಡಬ್ಬ, ಒಣಕಸಕ್ಕೆ ಚೀಲ. ನಾನು ಈ ಮೂರನ್ನೂ ಕೊಂಡು ತಂದು ಹಿತ್ತಲಿನಲ್ಲಿ ಸಾಲಾಗಿ ಇಟ್ಟು, ಅವುಗಳ ವಿಷಯವಾಗಿ ನೆಂಟರಿಷ್ಟರಿಗೆ ಉಪನ್ಯಾಸಗಳನ್ನೂ ಕೊಟ್ಟಿದ್ದೇನೆ. ಹಸಿರು ಡಬ್ಬದಲ್ಲಿ ಈಗ ರಾಗಿಹಿಟ್ಟು ಇದೆ. ಮುಚ್ಚಳ ಭದ್ರವಾಗಿ ಕೂಡುತ್ತದೆಂದು ನಮ್ಮ ಮನೆಯವರ ಅಭಿಪ್ರಾಯ.

ಇಷ್ಟೆಲ್ಲ ಬರೆದಾದ ಮೇಲೆ, ಗ್ರಂಥದ ಕರಡನ್ನು ತಿದ್ದುತ್ತ ಕುಳಿತಿದ್ದ ಒಂದು ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ನಮ್ಮ ಬೀದಿಯನ್ನು ಗುಡಿಸುವ ಪೌರಕಾರ್ಮಿಕ ಹೆಂಗಸು ನಿಂತಿದ್ದಳು. 2025ರ ಮೇ ಒಂದರಂದು 12,692 ಮಂದಿ ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ಕೊಟ್ಟರೆಂದು ಪತ್ರಿಕೆಯಲ್ಲಿ ಓದಿದ್ದೆ. ಆ ಲೆಕ್ಕದಲ್ಲಿ ಈಕೆ ಸೇರಿದ್ದಾಳೆಯೇ ಎಂದು ಈವರೆಗೆ ಕೇಳಿಲ್ಲವೆಂಬುದು ಆಗ ಹೊಳೆಯಿತು. ಒಂದು ಕೈಗೆ ಗವುಸು, ಇನ್ನೊಂದು ಕೈ ಬರಿದು. ಬರಿಗೈಯಲ್ಲಿ ಬಿಚ್ಚಿದ ಕವರೊಂದನ್ನು ಹಿಡಿದಿದ್ದಳು: ಕಾಯಿಚಿಪ್ಪು, ಕಾಫಿಯ ಗಸಿ, ಒಂದು ಹಳೆಯ ಬ್ಲೇಡು, ಮತ್ತು ಗಸಿಯಲ್ಲಿ ನೆನೆದೂ ಅಕ್ಷರ ಅಳಿಯದ ಒಂದು ಕೊರಿಯರ್ ಲಕೋಟೆ. ಲಕೋಟೆಯ ಮೇಲೆ ನನ್ನ ಹೆಸರು, ಮನೆಯ ನಂಬರು, ಪಿನ್‌ಕೋಡು ಸಮೇತ. ಅವಳ ತೋರುಬೆರಳಿನ ತುದಿಯಲ್ಲಿ ಸಣ್ಣದೊಂದು ಗೀರು ಕೆಂಪಗಿತ್ತು.

'ಸಾರ್, ಇದು ನಿಮ್ದೇ ಅಲ್ವಾ?'

ಪ್ರತ್ಯಕ್ಷ, ಅನುಮಾನಗಳಿಗೆ ಸಿಕ್ಕದ ಕರ್ತೃವು ಶಬ್ದಪ್ರಮಾಣಕ್ಕೆ ಹೀಗೆ ಸಿಕ್ಕಿಬಿದ್ದನು. ಗಾಡಿಯು ಹಿಂದಿನ ದಿನ ಬೇಗ ಬಂದು ಹೋಗಿತ್ತು, ನನಗೆ ಎಚ್ಚರವಾಗಿರಲಿಲ್ಲ, ಬೆಳಗಿನ ವಾಯುಸಂಚಾರಕ್ಕೆ ಹೊರಟಾಗ ಕವರು ಕೈಯಲ್ಲಿತ್ತು, ಮೂಲೆ ಹತ್ತಿರವಿತ್ತು, ಎಂಬಿತ್ಯಾದಿ ಸಮಾಧಾನಗಳೆಲ್ಲ ನಾಲಗೆಯ ತುದಿಯವರೆಗೆ ಬಂದವು. ಆಡಲಿಲ್ಲ. ಒಳಗೆ ಹೋಗಿ ಪ್ಲಾಸ್ಟರ್ ತಂದು ಕೊಟ್ಟೆ. ಅವಳು ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತ, 'ಬ್ಲೇಡಿದ್ರೆ ಪೇಪರ್‌ನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಿ ಸಾರ್' ಎಂದಳು.

ಗಾಡಿ ಈಗ ಆರೂ ಮುಕ್ಕಾಲಿಗೆ ಬರುತ್ತದೆ.