ರೈಟ್ ರೈಟ್, ಜಾಗ ಇಲ್ಲ!

ಸಂಜೆ ಆರರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರಿಗೆಲ್ಲ ಒಬ್ಬ ಮನುಷ್ಯನ ಪರಿಚಯ ಇದ್ದೇ ಇರುತ್ತದೆ. ಅವನ ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ‘ಸ್ವಲ್ಪ ಒಳಗೆ ಹೋಗ್ರೀ ಸಾರ್, ಮಧ್ಯದಲ್ಲಿ ಅಷ್ಟೊಂದು ಜಾಗ ಇದೆ, ನಾವೂ ಮನೆ ಸೇರ್ಬೇಕಲ್ವಾ’ ಎಂದು ಗೋಗರೆಯುತ್ತಾನೆ. ಹೇಗೋ ತೂರಿಕೊಂಡು ಎರಡೂ ಕಾಲು ಒಳಗಿಟ್ಟನೋ ಇಲ್ಲವೋ, ತನ್ನ ಹಿಂದೆ ಓಡಿಬರುತ್ತಿರುವವನಿಗೆ ಕೇಳುವಂತೆ ಕೂಗುತ್ತಾನೆ: ‘ರೈಟ್ ರೈಟ್! ಜಾಗ ಇಲ್ಲ!’

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಆ ಮನುಷ್ಯ ಮತ್ತೆ ಸಿಕ್ಕ. ಈ ಸಲ ಅವನು ಒಬ್ಬನಲ್ಲ, ನೂರಿಪ್ಪತ್ತು ಜನ. ಅವರಲ್ಲಿ ನಾನೂ ಒಬ್ಬ.

ನಮ್ಮ ಕಾಂಪೌಂಡಿಗೆ ಹೊಂದಿಕೊಂಡ ಖಾಲಿ ಜಾಗದಲ್ಲಿ ಇಪ್ಪತ್ತನಾಲ್ಕು ಅಂತಸ್ತಿನ ಮೂರು ಕಟ್ಟಡ ಏಳಲಿವೆಯಂತೆ. ರಸ್ತೆ ಬದಿಗೆ ಬೋರ್ಡು ಆಗಲೇ ಎದ್ದಿದೆ. ಅದರಲ್ಲಿ ನೀಲಿ ಕೆರೆ, ಬಿಳಿ ಕೊಕ್ಕರೆ, ದಡದಲ್ಲಿ ಹಲ್ಲು ಬಿಟ್ಟು ನಿಂತ ದಂಪತಿ. ಅಸಲಿ ಕೆರೆ ಬೋರ್ಡಿನ ಹಿಂದೆ ಇದೆ. ಅದರ ವಾಸನೆ ತಡೆಯಲೆಂದೇ ಬೋರ್ಡನ್ನು ಅಷ್ಟು ಎತ್ತರ ಕಟ್ಟಿದ್ದಾರೆ ಎಂಬುದು ನಮ್ಮ ವಾಚ್‌ಮನ್ ಅಭಿಪ್ರಾಯ. ಹನ್ನೊಂದು ವರ್ಷದ ಹಿಂದೆ ನಮಗೂ ಇಂಥದ್ದೇ ಬೋರ್ಡು ತೋರಿಸಿ ಫ್ಲಾಟು ಮಾರಿದ್ದರು. ನಮ್ಮದರಲ್ಲಿ ಕೊಕ್ಕರೆ ಬದಲು ಬಾತುಕೋಳಿ ಇತ್ತು.

ಅಸೋಸಿಯೇಷನ್ ಕಾರ್ಯದರ್ಶಿಗಳು ಹನ್ನೆರಡು ಬೇಡಿಕೆಗಳ ಮನವಿ ಸಿದ್ಧಪಡಿಸಿಕೊಂಡು ಬಂದಿದ್ದರು. ಮೊದಲನೆಯದು ಟ್ರಾಫಿಕ್. ಅವರ ಕಾರುಗಳು ಬಂದರೆ ನಮ್ಮ ಕಾರುಗಳು ಎಲ್ಲಿ ಹೋಗಬೇಕು? ಈ ಪ್ರಶ್ನೆ ಎತ್ತಿದವರು ಮನೆಗೆ ಮೂರು ಕಾರು ಇಟ್ಟವರು; ಮೂರನೆಯದು ರಸ್ತೆಯಲ್ಲೇ ಮಲಗುತ್ತದೆ. ಎರಡನೆಯದು ನೀರು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ, ಯಾರ ಕಣ್ಣಿಗೂ ಬೀಳದ ಹಾಗೆ ಬೇಸ್‌ಮೆಂಟಿನಲ್ಲಿ ತೊಳೆಸಿದವರೇ ಎದ್ದು ನಿಂತು ಅಂತರ್ಜಲಕ್ಕಾಗಿ ಗದ್ಗದಿತರಾದರು. ಮೂರನೆಯದು ಕೊಳಚೆ. ‘ಅವರ ಎಸ್‌ಟಿಪಿ ಹೆಸರಿಗಷ್ಟೇ ಸಾರ್, ರಾತ್ರಿ ಎಲ್ಲ ಕೆರೆಗೆ ಬಿಡ್ತಾರೆ’ ಎಂದರು ಒಬ್ಬರು, ಅನುಭವಸ್ಥರ ಧಾಟಿಯಲ್ಲಿ. ನಮ್ಮ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ರಾತ್ರಿ ಎರಡು ಗಂಟೆಗೆ ಏನು ಮಾಡುತ್ತದೆ ಎಂಬುದು ಮೇಂಟೆನೆನ್ಸ್ ಸಮಿತಿಗೆ ಗೊತ್ತು. ಕೊಕ್ಕರೆಗಳಿಗೂ ಗೊತ್ತಿತ್ತು, ಅವು ಜಾಗ ಖಾಲಿ ಮಾಡಿದವು. ಏಳನೆಯ ಬೇಡಿಕೆಗೆ ಮಾತ್ರ ನನ್ನ ಕಣ್ಣೂ ತೇವವಾಯಿತು: ‘ಬಡಾವಣೆಯ ಪಾರಂಪರಿಕ ಸ್ವರೂಪವನ್ನು ಕಾಪಾಡಬೇಕು.’ ಹನ್ನೊಂದು ವರ್ಷದ ಪರಂಪರೆ! ಮೊನ್ನೆಯಷ್ಟೇ ಅದಕ್ಕೆ ಎರಡನೇ ಸಲ ಸುಣ್ಣಬಣ್ಣ ಆಗಿದೆ.

ಹಾಗಂತ ಬಿಲ್ಡರ್ ಸಾಚಾ ಅಂತಲ್ಲ. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗೂ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಇಂಥ ಕಟ್ಟಡಗಳಿಗೆ ಸುತ್ತಲಿನವರ ಅಹವಾಲು ಆಲಿಸುವ ಸಭೆ ಬೇಕಿಲ್ಲ ಎಂದು ಅದೇ ಅಧಿಸೂಚನೆ ರಿಯಾಯಿತಿಯನ್ನೂ ಕೊಟ್ಟಿದೆ. ದೊಡ್ಡ ಗಣಿ ತೋಡುವವನು ಊರವರ ಮಾತು ಕೇಳಬೇಕು. ಕೆರೆ ಪಕ್ಕದಲ್ಲಿ ಊರಿಗೆ ಊರನ್ನೇ ಎಬ್ಬಿಸುವವನು ಕೇಳಬೇಕಿಲ್ಲ. ಇನ್ನು ಕೆರೆಯ ಸುತ್ತ ಬಿಡಬೇಕಾದ ಜಾಗ. ನಗರದ ಮಹಾಯೋಜನೆ 30 ಮೀಟರ್ ಎಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು, ಲೆಕ್ಕ ಮತ್ತೆ 30ಕ್ಕೆ ಬಂತು. ಮೀಟರುಗಳು ಹೀಗೆ ಹಿಂದೆ ಮುಂದೆ ಓಡಾಡಿದ ಇಷ್ಟೂ ವರ್ಷ ಮಳೆ ನೀರು ಮಾತ್ರ ತಗ್ಗಿಗೇ ಹರಿಯಿತು. ಅದಕ್ಕೆ ಕಾನೂನಿನ ತಿಳಿವಳಿಕೆ ಕಡಿಮೆ.

ಕೆರೆಯನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ನಮ್ಮ ಬೆಂಗಳೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಬಸ್ಸು ಹತ್ತುವ ಮೆಜೆಸ್ಟಿಕ್ಕೇ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್. ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದವರಿಗೆ ಮನೆಗಳು. ಈಜುವುದೊಂದನ್ನು ಬಿಟ್ಟು ಉಳಿದೆಲ್ಲ ಆಟಕ್ಕೂ ಕೆರೆಗಳಲ್ಲಿ ಜಾಗ ಸಿಕ್ಕಿದೆ. 2022ರ ಸೆಪ್ಟೆಂಬರಿನಲ್ಲಿ ಆ ಕೊರತೆಯನ್ನೂ ಮಳೆರಾಯ ನೀಗಿಸಿದ. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೊರಟರು. ಹೊಲ ಮಾರಿದ ರೈತರ ಟ್ರ್ಯಾಕ್ಟರು ಆ ಹೊಲ ಕೊಂಡವರ ಕೈಹಿಡಿಯಿತು.

ಸಭೆಗೆ ಕೆಳಗಿನ ಹಳ್ಳಿಯ ಒಬ್ಬ ಅಜ್ಜನನ್ನೂ ಕರೆತಂದಿದ್ದರು. ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಸೊಪ್ಪು ಮಾರುವವರು. ಮನವಿಗೆ ‘ಮೂಲ ನಿವಾಸಿ’ಗಳ ಸಹಿ ಒಂದಾದರೂ ಇದ್ದರೆ ತೂಕ ಬರುತ್ತದೆ ಎಂಬುದು ಅಧ್ಯಕ್ಷರ ಲೆಕ್ಕಾಚಾರ. ಅಜ್ಜನ ಅಪ್ಪ ಈ ಕೆರೆಯ ನೀರಗಂಟಿ. ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ಸರದಿಯಂತೆ ನೀರು ಹಾಯಿಸುತ್ತಿದ್ದವರು.

ಕಾರ್ಯದರ್ಶಿಗಳು ಹನ್ನೆರಡನೆಯ ಬೇಡಿಕೆಯನ್ನು ಗಂಟಲು ಸರಿಪಡಿಸಿಕೊಂಡು ಓದಿದರು: ‘ಗ್ರಾಮ ನಕಾಶೆಯಂತೆ ರಾಜಕಾಲುವೆಯನ್ನು ಕೂಡಲೇ ಸರ್ವೆ ಮಾಡಿಸಿ, ಎಲ್ಲ ಒತ್ತುವರಿಗಳನ್ನು ಮುಲಾಜಿಲ್ಲದೆ ತೆರವುಗೊಳಿಸಬೇಕು.’ ಭಾರಿ ಚಪ್ಪಾಳೆ.

‘ಒಳ್ಳೇ ಕೆಲ್ಸ ಸ್ವಾಮಿ, ಮಾಡ್ಸಿ’ ಎಂದರು ಅಜ್ಜ. ‘ಕೋಡಿ ನೀರು ಹೋಗ್ತಿದ್ದ ಕಾಲ್ವೆ ಎಲ್ಲಿತ್ತು ಅಂತ ಸರ್ವೇರಿಗೆ ನಾನೇ ತೋರಿಸ್ತೀನಿ.’

‘ಎಲ್ಲಿತ್ತು ಅಜ್ಜಾ, ಇವರಿಗೂ ಸ್ವಲ್ಪ ತೋರಿಸಿ’ ಎಂದು ಅಧ್ಯಕ್ಷರು ಹುರಿದುಂಬಿಸಿದರು.

ಅಜ್ಜ ಕಿಟಕಿಯಾಚೆ ಬಿಲ್ಡರ್ ಜಾಗದತ್ತ ಕೈ ಎತ್ತಿದರು. ಇನ್ನೊಮ್ಮೆ ಚಪ್ಪಾಳೆ. ಆದರೆ ಕೈ ಅಲ್ಲೇ ನಿಲ್ಲಲಿಲ್ಲ. ಹಾಗೇ ಕಾಂಪೌಂಡ್ ಗೋಡೆ ದಾಟಿತು, ಬ್ಯಾಡ್ಮಿಂಟನ್ ಕೋರ್ಟು ದಾಟಿತು, ಮಕ್ಕಳ ಈಜುಕೊಳದ ಮೇಲಿಂದ ಹಾದು ಕ್ಲಬ್‌ಹೌಸಿನ ನೆಲಕ್ಕೆ ಬಂದು ನಿಂತಿತು.

‘ಅಲ್ಲಿಂದ ಇಲ್ಲಿಗೆ. ಈಗ ನೀವು ಕುಂತಿದೀರಲ್ಲ, ಇಲ್ಲೇ ನಾವು ಎಮ್ಮೆ ಮೈ ತೊಳೀತಿದ್ದಿದ್ದು.’

ಎಸಿಯ ಸದ್ದು ಕೇಳಿಸುವಷ್ಟು ಮೌನ. ಮೂರು ಕಾರಿನವರು ಎದ್ದು, ಸರ್ವೆ ಎಂಬುದು ತೀರಾ ತಾಂತ್ರಿಕ ವಿಷಯ, ಅದನ್ನು ಸೇರಿಸಿದರೆ ನಮ್ಮ ಮೂಲ ಉದ್ದೇಶ ದಿಕ್ಕು ತಪ್ಪುತ್ತದೆ ಎಂದರು. ಅಜ್ಜನಿಗೆ ಕಾಫಿ ಕೊಟ್ಟು ಕಳಿಸಿದರು. ಸಹಿ ಹಾಕಿಸಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಕೈ ಎತ್ತಿಸಿ ಮತ ಕೇಳಿದರು. ಫ್ಲಾಟಿನ ಸಾಲ ಇನ್ನೂ ಒಂಬತ್ತು ವರ್ಷ ಬಾಕಿ ಇರುವ ನಾನೂ ಕೈ ಎತ್ತಿದೆ.

ಸೋಮವಾರ ಮನವಿ ಸಲ್ಲಿಕೆಯಾಗಿದೆ. ಅದರಲ್ಲಿ ಈಗ ಹನ್ನೊಂದು ಬೇಡಿಕೆಗಳಿವೆ.